ದಿನಚರಿಯ ನಡಿಗೆ

ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲವೆಂದು ವೈದ್ಯರನ್ನು ಕಂಡ ತಂಗಿಯ ಮಗಳು, ಕಳೆದ ಮಾಗಿಯಲ್ಲಿ ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು. ಔಷಧದ ಚೀಟಿಯಲ್ಲಿ ಮಾತ್ರೆಗಳ ಹೆಸರು ಮುಗಿದ ಮೇಲೆ, ಮಲಗುವ ಮುಂಚೆ ಜರ್ನಲಿಂಗ್ ಮಾಡಬೇಕೆಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. “ಮಾವ, ಇದಕ್ಕೆ ಕನ್ನಡದಲ್ಲಿ ಏನಂತಾರೆ?” ಎಂದಳು. “ದಿನಚರಿ ಬರೆಯೋದು” ಎಂದೆ. ಅವಳು ಒಪ್ಪಲಿಲ್ಲ. “ದಿನಚರಿ ಅಂದ್ರೆ ರೂಟೀನ್ ಅಲ್ವಾ? ಎಷ್ಟೊತ್ತಿಗೆ ಏಳ್ಬೇಕು, ಏನು ತಿನ್ಬೇಕು, ಎಷ್ಟು ನಡೀಬೇಕು... ಅದು ಮಾಡೋದು, ಬರೆಯೋದಲ್ವಲ್ಲ.”

ಅವಳ ಮಾತೂ ಸರಿ, ನನ್ನ ಮಾತೂ ಸರಿ. ಪತ್ರಿಕೆಯ ಆರೋಗ್ಯ ಪುಟದಲ್ಲಿ ‘ಮಧುಮೇಹಿಗಳ ದಿನಚರಿ ಹೇಗಿರಬೇಕು’ ಎಂಬ ತಲೆಬರಹ ಕಂಡರೆ ನಾವು ಯಾರೂ ಪುಸ್ತಕ, ಪೆನ್ನು ಹುಡುಕುವುದಿಲ್ಲ. ಡಿಸೆಂಬರಿನ ಕೊನೆಯ ವಾರ ಪುಸ್ತಕದಂಗಡಿಯಲ್ಲಿ ‘ಹೊಸ ವರ್ಷದ ದಿನಚರಿ ಬಂದಿದೆಯೇ’ ಎಂದು ಕೇಳಿದರೆ ಅಂಗಡಿಯವರು ಎಣ್ಣೆಸ್ನಾನದ ವಿಷಯ ಎತ್ತುವುದೂ ಇಲ್ಲ. ದಿನಚರಿ ಬದಲಾಯಿಸು, ದಿನಚರಿ ತಪ್ಪು, ದಿನಚರಿ ಬರೆ, ದಿನಚರಿ ತಿರುವಿಹಾಕು ಎಂದು ಪಕ್ಕದಲ್ಲಿ ಕುಳಿತ ಕ್ರಿಯಾಪದವೇ ಅರ್ಥವನ್ನು ಹಿಡಿದು ಕೊಡುತ್ತದೆ. ಬದುಕಿದ ದಿನ ಮತ್ತು ಬರೆದ ದಿನ ಎರಡಕ್ಕೂ ಒಂದೇ ಹೆಸರು. ಎರಡು ಮನೆಯಲ್ಲಿ ಬಾಳುವ ಇಂಥ ಪದ ಸಿಕ್ಕಿದಾಗ, ಶಬ್ದಗಳ ಬೆನ್ನುಹತ್ತುವ ನಮ್ಮಂಥವರಿಗೆ ಅದರ ಮೊದಲ ಮನೆ ಯಾವುದು, ಎರಡನೆಯದಕ್ಕೆ ಬಂದದ್ದು ಯಾವ ದಾರಿಯಿಂದ ಎಂದು ಹುಡುಕದೆ ಸಮಾಧಾನವಿಲ್ಲ. ಅಂದು ಅವಳಿಗೆ ಚಹಾ ಕೊಟ್ಟು ಕೂರಿಸಿ ಹೇಳಲು ಶುರುಮಾಡಿದ್ದನ್ನೇ ಇಲ್ಲಿ ಇನ್ನಷ್ಟು ವಿಸ್ತರಿಸುತ್ತಿದ್ದೇನೆ.

ಬೇರು ‘ಚರ್’. ನಡೆ, ತಿರುಗು, ಸಂಚರಿಸು, ಮೇಯು ಎಂಬ ಅರ್ಥಗಳ ಈ ಸಂಸ್ಕೃತ ಧಾತು ಕನ್ನಡಕ್ಕೆ ಎಷ್ಟು ಮಕ್ಕಳನ್ನು ಕೊಟ್ಟಿದೆಯೆಂದರೆ, ಒಂದು ಊರನ್ನೇ ಕಟ್ಟಬಹುದು. ಚಲಿಸುವುದೆಲ್ಲ ಚರ, ನಿಂತದ್ದು ಅಚರ. ಹಿಂದೆ ನಡೆಯುವವನು ಅನುಚರ, ಜೊತೆಯಲ್ಲಿ ನಡೆಯುವವನು ಸಹಚರ, ಕದ್ದು ನಡೆಯುವವನು ಗುಪ್ತಚರ. ಒಂದೆಡೆ ನಿಲ್ಲದ ಜಂಗಮರು ವೀರಶೈವರಲ್ಲಿ ಚರಮೂರ್ತಿಗಳು. ಗೋಚರ ಎಂದರೆ ಮೊದಲಿಗೆ ಹಸುಗಳು ಮೇಯುವ ಜಾಗ. ಅಲ್ಲಿಂದ ಇಂದ್ರಿಯಗಳು ಮೇಯುವ ಜಾಗ, ಎಂದರೆ ಕಣ್ಣಿಗೆ ಕಿವಿಗೆ ಎಟುಕುವುದು ಎಂದಾಯಿತು. ಕೊನೆಗೆ ಬರೀ ‘ಕಾಣಿಸುವುದು’ ಎಂದಾಗಿ, ಹಸುವನ್ನು ನಾವೆಲ್ಲ ಮರೆತೇಬಿಟ್ಟೆವು. ಆಚಾರ, ಸಂಚಾರ, ಪ್ರಚಾರ ಇವೆಲ್ಲ ಬೀದಿಗಿಳಿದ ಪದಗಳಾದರೆ, ವಿಚಾರ ಮಾತ್ರ ಒಳಗೆ ತಿರುಗುವ ಪದ: ಮನಸ್ಸು ಒಂದು ವಿಷಯದ ಸುತ್ತ ನಾನಾ ಕಡೆಯಿಂದ ನಡೆದು ನೋಡುವುದು. ಹತ್ತಿರ ಹೋಗಿ ನಡೆದುಕೊಳ್ಳುವುದು ಉಪಚಾರ. ಅತಿಥಿಗೆ ಮಾಡಿದರೆ ಸತ್ಕಾರ, ರೋಗಿಗೆ ಮಾಡಿದರೆ ಚಿಕಿತ್ಸೆ. ಹಾಸಿಗೆಯ ಸುತ್ತ ನಡೆದು ಆರೈಕೆ ಮಾಡುವುದು ಪರಿಚರ್ಯೆ. ವೈದ್ಯಗ್ರಂಥದಿಂದಾಗಿ ಮನೆಮಾತಾದ ಚರಕ ಎಂಬ ಹೆಸರು ಕೂಡ ಈ ಧಾತುವಿನದೇ. ಊರೂರು ತಿರುಗುವವನು ಎಂದು ಅದರ ಅರ್ಥ. ಆರೋಗ್ಯಕ್ಕೂ ಈ ಬೇರಿಗೂ ನೆಂಟಸ್ತಿಕೆ ಹೊಸದಲ್ಲ ಎಂಬುದನ್ನು ಇಲ್ಲೇ ಗುರುತು ಹಾಕಿಟ್ಟುಕೊಳ್ಳೋಣ.

‘ಚರ್ಯೆ’ ಎಂದರೆ ನಡೆಯುವ ರೀತಿ, ನಡೆಯಬೇಕಾದ ರೀತಿ. ಬ್ರಹ್ಮಚರ್ಯ, ಋತುಚರ್ಯೆ, ದಿನಚರ್ಯೆ ಎಂದು ಅದು ಶಾಸ್ತ್ರದ ಮನೆಯಲ್ಲಿ ಗಂಭೀರವಾಗಿ ಕುಳಿತಿದ್ದರೆ, ಕನ್ನಡದ ನಾಲಿಗೆ ಅದನ್ನು ಎರಡು ಮೂರು ಬಗೆಯಲ್ಲಿ ಪಳಗಿಸಿಕೊಂಡಿತು. ಜೈನ ಯತಿಗಳು ಆಹಾರಕ್ಕೆಂದು ಊರೊಳಗೆ ಬರುವುದನ್ನು ಹಳಗನ್ನಡ ‘ಚರಿಗೆ’ ಎನ್ನುತ್ತದೆ. ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆ, ಚರಿಗೆಗೆ ಹೊರಟ ಆ ಎಳೆಯ ಅಣ್ಣತಂಗಿಯರು ಚಂಡಕರ್ಮನ ಕೈಗೆ ಸಿಕ್ಕಿಬೀಳುವ ಸನ್ನಿವೇಶ ಮರೆಯುವಂಥದಲ್ಲ. ಇನ್ನೊಂದು ಬಗೆ, ‘ರ್ಯ’ ಎಂಬ ಒತ್ತಿನ ಗಂಟನ್ನು ಬಿಚ್ಚಿ ‘ರಿ’ ಮಾಡುವುದು. ಆಚಾರ್ಯ ಆಚಾರಿಯಾದ ಹಾಗೆ, ಆಶ್ಚರ್ಯ ಅಚ್ಚರಿಯಾದ ಹಾಗೆ, ಚರ್ಯೆ ಚರಿಯಾಯಿತು. ಇಂಥ ಮಾರ್ಪಾಡುಗಳಿಗಾಗಿಯೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನೇ ಇಟ್ಟಿದ್ದಾನೆ. ಅಚ್ಚರಿಯ ಮಾತು ಬಂದಾಗ ಒಂದು ಕ್ಷಣ ನಿಲ್ಲಬೇಕು: ಪಾಣಿನಿಯ ವ್ಯಾಕರಣ ‘ಆಶ್ಚರ್ಯ’ ಪದವನ್ನು ಸಾಧಿಸುವುದೂ ಈ ‘ಚರ್’ ಧಾತುವಿನಿಂದಲೇ. ಹಾಗಾಗಿ ಅಚ್ಚರಿ ಮತ್ತು ದಿನಚರಿ ಬೇರಿನಲ್ಲೂ ಒಂದು, ಕನ್ನಡದಲ್ಲಿ ತಳೆದ ರೂಪದಲ್ಲೂ ಒಂದು. ದಿನವೂ ನಡೆಯುವುದು ಮತ್ತು ಎಂದೋ ಒಮ್ಮೆ ನಡೆಯುವುದು ಒಂದೇ ಬಸಿರಿನಲ್ಲಿ ಹುಟ್ಟಿವೆ.

‘ದಿನ’ದ ಕಡೆ ಬಂದರೆ ಅದೂ ದೂರದ ಬಳಗದ್ದು. ಲಿಥುವೇನಿಯದ ‘ದಿಯೆನಾ’, ರಷ್ಯನ್ನರ ‘ದೆನ್’ ಇದರ ಸೋದರಸಂಬಂಧಿಗಳು; ಹೊಳೆ, ಬೆಳಗು ಎಂಬರ್ಥದ ಒಂದೇ ಮೂಲದ ಕಡೆಗೆ ಕೈತೋರುವ ಲ್ಯಾಟಿನ್ನಿನ ‘ದಿಯೆಸ್’ ಕೂಡ ಅದೇ ಬಳಗ. ಆ ದಿಯೆಸ್‌ನಿಂದ ‘ದಿಯಾರಿಯುಂ’ ಬಂತು. ಮೊದಲಿಗೆ ಅದರ ಅರ್ಥ ಒಬ್ಬನಿಗೆ ದಿನಕ್ಕೆ ಅಳೆದುಕೊಡುವ ಪಡಿ. ಪಡಿಯ ಲೆಕ್ಕ, ಲೆಕ್ಕದ ಪುಸ್ತಕ, ದಿನದ ಪುಸ್ತಕ ಎಂದು ಸರಿಯುತ್ತ ಸರಿಯುತ್ತ ಇಂಗ್ಲಿಷಿನ ಡೈರಿಯಾಯಿತು. ಜರ್ನಲ್ ಎಂಬುದೂ ಇದೇ ಬೇರಿನದು, ಫ್ರೆಂಚರ ಮನೆಯಲ್ಲಿ ಬೆಳೆದು ಗುರುತು ಸಿಗದಷ್ಟು ಬದಲಾಗಿದೆ. ನಮ್ಮ ಹಳ್ಳಿಗಳಲ್ಲಿ ಇಂದು ‘ಡೈರಿಗೆ ಹೋಗಿ ಬಂದೆ’ ಎಂದರೆ ಹಾಲು ಹಾಕಿ ಬಂದೆ ಎಂದೇ ಅರ್ಥ. ಅದು ಇಂಗ್ಲಿಷಿನಲ್ಲಿ ಬೇರೆ ಪದ, ಕನ್ನಡದ ಕಿವಿಯಲ್ಲಿ ಎರಡೂ ಒಂದಾಗಿವೆ.

ನೆರೆಹೊರೆಯ ಭಾಷೆಗಳು ಡೈರಿಯನ್ನು ಏನೆಂದು ಕರೆದುಕೊಂಡವು ಎಂದು ನೋಡಿದರೆ ನಮ್ಮ ಪದದ ವಿಶೇಷ ಇನ್ನಷ್ಟು ಗೊತ್ತಾಗುತ್ತದೆ. ಮರಾಠಿಯಲ್ಲಿ ರೋಜನಿಶಿ, ಉರ್ದುವಿನಲ್ಲಿ ರೋಜ್‌ನಾಮ್ಚಾ; ಎರಡರಲ್ಲೂ ಪಾರಸಿಯ ರೋಜ್ ಇದೆ, ದಿನವೆಂಬ ಅರ್ಥದ್ದು. ಬೆಳಕು ಎಂಬರ್ಥದ ಸಂಸ್ಕೃತದ ರೋಚಿಸ್, ರುಚಿ ಪದಗಳಿಗೆ ಅದು ಒಡಹುಟ್ಟಿದ್ದು. ಕಣ್ಣಿನ ಹೊಳಪಾಗಿದ್ದ ರುಚಿ ನಮ್ಮಲ್ಲಿ ನಾಲಿಗೆಗೆ ಇಳಿದು ಅಡುಗೆಮನೆ ಸೇರಿತು, ಪಾರಸಿಗೆ ಹೋದ ದಾಯಾದಿ ದಿನಗೂಲಿಯ ಲೆಕ್ಕವಾಗಿ ಮರಳಿತು. ತಮಿಳಿನಲ್ಲಿ ನಾಟ್ಕುಱಿಪ್ಪು: ನಾಳ್ ಎಂದರೆ ದಿನ, ಕುಱಿಪ್ಪು ಎಂದರೆ ಗುರುತು, ಟಿಪ್ಪಣಿ. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದಿಟ್ಟ ದೊಡ್ಡ ದಿನಚರಿಯ ಹೆಸರಿನಲ್ಲೂ ಈ ಕುಱಿಪ್ಪು ಇದೆ. ಆ ನಾಳ್ ಹಳಗನ್ನಡದ್ದೂ ಹೌದು. ನಾವದನ್ನು ಎಲ್ಲೆಡೆ ಕಳೆದುಕೊಂಡು ‘ನಾಳೆ’ಯಲ್ಲಿ ಮಾತ್ರ ಜೋಪಾನ ಮಾಡಿಕೊಂಡಿದ್ದೇವೆ. ಕುಱಿಪ್ಪುವಿನ ನಂಟ ನಮ್ಮ ಕುಱುಪು, ಕುರುಹು, ಗುರುತು. ಮನಸ್ಸು ಮಾಡಿದ್ದರೆ ಕನ್ನಡವೂ ‘ನಾಳ್ಗುಱುಪು’ ಎಂದು ಕಟ್ಟಿಕೊಳ್ಳಬಹುದಾಗಿತ್ತು. ಕಟ್ಟಿಕೊಳ್ಳಲಿಲ್ಲ. ಬರೆಯುವ ಪುಸ್ತಕಕ್ಕೆ ಹೆಸರಿಡುವಾಗ ಬರವಣಿಗೆಯ ಸೋಂಕೇ ಇಲ್ಲದ, ನಡೆಯುವುದನ್ನು ಹೇಳುವ ಪದವನ್ನು ಎತ್ತಿಕೊಂಡಿತು.

ಹೀಗೇಕೆ? ಒಂದು ಕಾರಣ, ನಡೆಯಿಂದ ದಾಖಲೆಗೆ ಸಾಗುವ ದಾರಿಯನ್ನು ಕನ್ನಡ ಅದಾಗಲೇ ಸವೆಸಿತ್ತು ಎಂಬುದು. ಚರಿತ ಎಂದರೆ ಒಬ್ಬನು ನಡೆದುಕೊಂಡ ರೀತಿ. ಅದನ್ನು ಹೇಳುವ ಕಾವ್ಯ ಚರಿತೆ, ಚಾರಿತ್ರ. ಅದು ಹಿಗ್ಗಿ ನಾಡಿನ ನಡೆಯಾದರೆ ಚರಿತ್ರೆ. ಅಚ್ಚಗನ್ನಡದ ‘ನಡೆ’ಯನ್ನು ನೋಡಿ: ಕಾಲಿನ ನಡೆ, ನಡಿಗೆ, ಗುಣದ ನಡೆ, ನಡತೆ, ಸಭೆಯಲ್ಲಿ ನಡೆದದ್ದನ್ನು ಬರೆದಿಟ್ಟರೆ ನಡವಳಿ. ಇಂದಿಗೂ ಸರ್ಕಾರಿ ಆದೇಶಗಳ ನೆತ್ತಿಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದು ಅಚ್ಚಾಗುತ್ತದೆ. ಸಂಸ್ಕೃತದ ಚರ್, ಕನ್ನಡದ ನಡೆ ಎರಡೂ ಬೇರೆ ಬೇರೆ ಕುಲದವು. ಆದರೂ ಹೆಜ್ಜೆ, ನಡತೆ, ಬರಹ ಎಂಬ ಅದೇ ಮೂರು ಊರುಗಳನ್ನು ಅದೇ ಅನುಕ್ರಮದಲ್ಲಿ ಹಾದಿವೆ. ಈ ಸಾಮ್ಯ ಮೊದಲು ಹೊಳೆದ ದಿನ ನನಗೆ ಆದ ಸಂತೋಷವನ್ನು, ಓದುಗರೇ, ನೀವು ಊಹಿಸಬಲ್ಲಿರಿ.

ಪುಸ್ತಕದ ಕಡೆಯಿಂದಲೂ ಒಂದು ದಾರಿ ಇತ್ತು. ದಿನದ ಲೆಕ್ಕವನ್ನು ಬರೆದಿಡುವ ಅಭ್ಯಾಸ ಕನ್ನಡ ನಾಡಿಗೆ ಡೈರಿಯ ಜೊತೆ ಬಂದದ್ದಲ್ಲ. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು; ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಣೆ ಆರಂಭವಾದ ತನ್ನ ಮೈಸೂರಿನ ಇತಿಹಾಸದಲ್ಲಿ ಇದನ್ನು ಬಣ್ಣಿಸಿದ್ದಾನೆ. ಕಡತ ಇಂದು ಕಚೇರಿಯ ಫೈಲಾಗಿ ಬದುಕಿದೆ, ಮರಾಠಿಯ ಮೂಲಕ ಬಂದ ಕಿರ್ದಿ ಪಂಚಾಯಿತಿಗಳಲ್ಲಿ ನಗದು ಕಿರ್ದಿಯಾಗಿ ಬದುಕಿದೆ, ಅಧಿಕಾರಿಗಳು ಪ್ರವಾಸ ದಿನಚರಿ ಬರೆಯುತ್ತಾರೆ, ಪೊಲೀಸು ಠಾಣೆಯಲ್ಲೊಂದು ಠಾಣಾ ದಿನಚರಿ ಇರುತ್ತದೆ. ಕಚೇರಿಯ ಈ ಮೇಜುಗಳ ಮೇಲೆ ಅರ್ಧ ಬದುಕು ಕಳೆದ ಪದವೇ ಸಂಜೆ ಮನೆಗೆ ಬಂದು ಒಬ್ಬೊಬ್ಬರ ಒಳಮಾತಿಗೂ ಒದಗಿತು. ಕುವೆಂಪು ತಮ್ಮ ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ತಾರುಣ್ಯದ ದಿನಚರಿಗಳನ್ನು ಎದುರಿಗಿಟ್ಟುಕೊಂಡಿದ್ದರು.

ಇಷ್ಟು ಹೊತ್ತಿಗೆ ತಂಗಿಯ ಮಗಳ ಚಹಾ ಆರಿತ್ತು. “ಅದೆಲ್ಲ ಸರಿ ಮಾವ, ಬರೆದರೆ ನಿದ್ದೆ ಹೇಗೆ ಬರುತ್ತೆ?” ಎಂದಳು. ಅದಕ್ಕೆ ವೈದ್ಯಶಾಸ್ತ್ರದ ಕಪಾಟಿಗೇ ಹೋಗಬೇಕಾಯಿತು.

ದಿನಚರಿಯ ಮೊದಲ ಮನೆ ಆಯುರ್ವೇದ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಅಂಜನ, ನಸ್ಯ, ಅಭ್ಯಂಗ ಮೊದಲಾದ ನಿತ್ಯವಿಧಿಗಳಿವೆ. ಸುಮಾರು 7ನೆಯ ಶತಮಾನದ ವಾಗ್ಭಟನ ಅಷ್ಟಾಂಗಹೃದಯದಲ್ಲಾದರೆ ಸೂತ್ರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ದಿನಚರ್ಯಾ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರಿಂದ ಅದು ತೊಡಗುತ್ತದೆ. ಹಲ್ಲುಜ್ಜಲು ಎಕ್ಕ, ಆಲ, ಕಗ್ಗಲಿ, ಹೊಂಗೆ ಮುಂತಾದವುಗಳ ಕಡ್ಡಿ, ಕಣ್ಣಿಗೆ ಕಾಡಿಗೆ, ತಲೆಗೆ ಕಿವಿಗೆ ಅಂಗಾಲಿಗೆ ಎಣ್ಣೆ, ವ್ಯಾಯಾಮ, ಮೈಗೆ ಪುಡಿ ತಿಕ್ಕುವುದು, ಸ್ನಾನ. ಅಲ್ಲಿಂದ ಮುಂದೆ ಮಾತಿನ ನಡತೆ, ಮನಸ್ಸಿನ ನಡತೆ. ಇದನ್ನು ಮನೆಯ ಹಿರಿಯರು ಹೇಳುವ ಬುದ್ಧಿಮಾತಿನ ಹಾಗೆ ಓದುತ್ತ ಹೋದರೆ, ಅಧ್ಯಾಯ ಇನ್ನೇನು ಮುಗಿಯಬೇಕು ಎನ್ನುವಾಗ ಒಂದು ಶ್ಲೋಕ ತಡೆದು ನಿಲ್ಲಿಸುತ್ತದೆ. ಹಗಲಿರುಳುಗಳು ಉರುಳುತ್ತಿರುವಾಗ ತಾನು ಈಗ ಎಂಥವನಾಗಿದ್ದೇನೆ ಎಂದು ದಿನವೂ ನೋಡಿಕೊಳ್ಳುವವನು, ಆ ನೆನಪನ್ನು ಸದಾ ಹತ್ತಿರ ಇಟ್ಟುಕೊಂಡವನು, ದುಃಖದ ಪಾಲಿಗೆ ಬೀಳುವುದಿಲ್ಲ ಎಂಬುದು ಅದರ ಭಾವ. ಹಲ್ಲುಕಡ್ಡಿ, ಕಾಡಿಗೆ, ಎಣ್ಣೆಗಳ ಸಾಲಿನಲ್ಲೇ ಇದೂ ಒಂದು! ಓಲೆಗರಿಯ ಮಾತಿಲ್ಲ, ಅದರ ಮೇಲೆ ಕೊರೆದು ಬರೆಯುವ ಕಂಟದ ಮಾತಿಲ್ಲ. ಆದರೆ ಡೈರಿ ಬರೆಯಲು ಕೂತವರು ಕೇಳಿಕೊಳ್ಳುವ ಪ್ರಶ್ನೆ ಇದೇ ಅಲ್ಲವೇ. ದಿನಚರಿಯ ಎರಡನೆಯ ಅರ್ಥದ ಬೀಜ ಮೊದಲನೆಯ ಅರ್ಥದ ಹಣ್ಣಿನೊಳಗೇ ಇತ್ತು. ಇಂಗ್ಲಿಷಿನ ಡೈರಿ ಬಂದು ಅದಕ್ಕೆ ನೀರು ಹಾಕಿತು ಎಂದು ನಾನು ಓದಿಕೊಳ್ಳುತ್ತೇನೆ.

ಇಲ್ಲಿಂದ ಸುಮಾರು ಸಾವಿರದ ಮುನ್ನೂರು ವರ್ಷ ದಾಟಿದರೆ ಟೆಕ್ಸಾಸಿನ ಡಲ್ಲಾಸ್. ಅಲ್ಲಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಸಾಂಡ್ರಾ ಬೀಲ್ ಜೊತೆಗೂಡಿ 1986ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಮೊದಲ ಮೈಲಿಗಲ್ಲು. 46 ವಿದ್ಯಾರ್ಥಿಗಳು, ನಾಲ್ಕು ದಿನ, ದಿನಕ್ಕೆ 15 ನಿಮಿಷ. ಕೆಲವರಿಗೆ ಯಾವುದೋ ಸಾಮಾನ್ಯ ವಿಷಯ; ಉಳಿದವರಿಗೆ ಬದುಕಿನಲ್ಲಿ ತುಂಬ ನೋಯಿಸಿದ ಘಟನೆ, ಅದರಲ್ಲೂ ಒಂದು ಗುಂಪಿಗೆ ನಡೆದದ್ದು ಮಾತ್ರ, ಇನ್ನೊಂದಕ್ಕೆ ಅನ್ನಿಸಿದ್ದು ಮಾತ್ರ, ಮತ್ತೊಂದಕ್ಕೆ ನಡೆದದ್ದೂ ಅನ್ನಿಸಿದ್ದೂ. ಕೊನೆಯ ಗುಂಪಿನವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆಯೆಂದು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು, ರಕ್ತದೊತ್ತಡ ಏರಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ‘ಬರೆ’. ತಮಿಳಿನ ವರೈ, ಕನ್ನಡದ ಬರೆ ಒಂದೇ. ಗೆರೆ ಎಳೆ, ಚಿತ್ರಿಸು, ಬರೆ ಎಂದು ಅರ್ಥ. ನಾಮಪದವಾದರೆ ಗೆರೆ, ಪಟ್ಟೆ, ಕಾದ ಕಬ್ಬಿಣ ಮೈಮೇಲೆ ಉಳಿಸುವ ಗುರುತು. ಎಳೆಯ ಮಕ್ಕಳ ಹೊಟ್ಟೆಗೆ ಬರೆ ಹಾಕುವ ಆ ಕ್ರೂರ ಚಿಕಿತ್ಸೆ ಅಲ್ಲಲ್ಲಿ ಉಳಿದಿರುವುದು ನೋವಿನ ಸಂಗತಿ, ಅದು ನಿಲ್ಲಲೇಬೇಕು. ‘ಗಾಯದ ಮೇಲೆ ಬರೆ ಎಳೆದ ಹಾಗೆ’ ಎಂಬ ನಮ್ಮ ಮಾತಿನಲ್ಲಿ ಎರಡು ಬರೆಗಳೂ ಸೇರಿಕೊಂಡಿವೆ ಎಂದು ಈಗ ಅನ್ನಿಸುತ್ತದೆ. ಗಾಯದ ಬಗ್ಗೆ ಬರೆಯಲು ಕೂತವರಿಗೆ ಮೊದಲ ದಿನ ಆಗುವುದು ಅದೇ: ಸುಡುತ್ತದೆ. ಆದ್ದರಿಂದಲೇ ತೀರ ಹಸಿಯಾದ ದುಃಖವನ್ನು ಒಬ್ಬರೇ ಕೂತು ಕೆದಕಬಾರದು, ತಾಳಲಾರೆ ಎನ್ನಿಸಿದ ಕಡೆ ಪುಸ್ತಕ ಮುಚ್ಚಬೇಕು, ವೈದ್ಯರ ಔಷಧಕ್ಕೆ ಇದು ಬದಲಿಯಲ್ಲ ಎಂದು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತೇನೆ.

ಆಮೇಲೆ ಬಂದ ಅಧ್ಯಯನಗಳು ಹಲವು. 1999ರಲ್ಲಿ ಜೋಶುವಾ ಸ್ಮಿತ್ ಮತ್ತು ಸಂಗಡಿಗರು ಉಬ್ಬಸದ ಹಾಗೂ ಸಂಧಿವಾತದ 112 ರೋಗಿಗಳನ್ನು ತೆಗೆದುಕೊಂಡು, ದಿನಕ್ಕೆ 20 ನಿಮಿಷದಂತೆ ಮೂರು ದಿನ ಬರೆಸಿದರು. ನಾಲ್ಕು ತಿಂಗಳ ನಂತರ, ಒಳನೋವನ್ನು ಬರೆದವರ ಉಸಿರಿನ ಬಲವೂ ಕೀಲುಗಳ ಸ್ಥಿತಿಯೂ ಮಿಕ್ಕವರಿಗಿಂತ ಸುಧಾರಿಸಿದ್ದವು. 2006ರಲ್ಲಿ ಜೊಆನ್ ಫ್ರಾಟರೋಲಿ 146 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಪರಿಣಾಮ ಚಿಕ್ಕದು, ಆದರೆ ಇದೆ ಎಂದು ಕಂಡಿತು. ಹದಿನೈದು ನಿಮಿಷದ ಒಂದು ಖರ್ಚಿಲ್ಲದ ಕೆಲಸಕ್ಕೆ ಚಿಕ್ಕ ಪರಿಣಾಮವೂ ಲಾಭವೇ. ನಿದ್ದೆಯ ವಿಷಯಕ್ಕೆ ನೇರ ಉತ್ತರ ಕೊಡುವುದು 2018ರ ಮೈಕೆಲ್ ಸ್ಕಲ್ಲಿನ್ ತಂಡದ ಪ್ರಯೋಗ: 57 ಮಂದಿಯಲ್ಲಿ ಕೆಲವರು ಮಲಗುವ ಮುನ್ನ ಐದು ನಿಮಿಷ ಅಂದು ಮಾಡಿ ಮುಗಿಸಿದ್ದನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದ್ದನ್ನು ಬರೆದರು. ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ‘ಕಾರ್ಯ’ ಎಂದರೆ ಮಾಡಬೇಕಾದದ್ದು. ಅದರ ಜೊತೆಯ ‘ಚರ್ಯೆ’ಯಲ್ಲೂ ಆ ವಿಧಿಯ ನೆರಳು ಇದ್ದೇ ಇದೆ. ನಾಳೆಯ ಪಟ್ಟಿ ಬರೆದು ಮಲಗಿದವರು ದಿನಚರಿಯನ್ನು ಅದರ ಅತ್ಯಂತ ಹಳೆಯ ಅರ್ಥದಲ್ಲೇ ಬರೆದರು.

ಪೆನ್ನೆಬೇಕರರ ಕೆಲಸದಲ್ಲಿ ನಮ್ಮಂಥವರಿಗೆ ಹಬ್ಬವಾಗುವುದು ಮುಂದಿನ ಹಂತ. ಅವರು ಜನ ಬರೆದ ಪುಟಗಳಲ್ಲಿನ ಪದಗಳನ್ನು ಕಂಪ್ಯೂಟರಿನಿಂದ ಎಣಿಸಿದರು. ಆರೋಗ್ಯ ಸುಧಾರಿಸಿದವರ ಬರಹದಲ್ಲಿ ಮೊದಲ ದಿನದಿಂದ ಕೊನೆಯ ದಿನಕ್ಕೆ ಕಾರಣ ಹೇಳುವ ಪದಗಳು, ತಿಳಿವನ್ನು ಸೂಚಿಸುವ ಪದಗಳು ಹೆಚ್ಚುತ್ತ ಹೋಗಿದ್ದವು. ಸರ್ವನಾಮಗಳ ಬಳಕೆ ದಿನದಿಂದ ದಿನಕ್ಕೆ ಬದಲಾಗಿತ್ತು. ಒಂದೇ ಮಾತನ್ನು ಅದೇ ‘ನಾನು’ವಿನಿಂದ ಸುತ್ತಿ ಸುತ್ತಿ ಬರೆದವರಿಗಿಂತ, ಒಂದು ದಿನ ತನ್ನ ಕಡೆಯಿಂದ, ಮತ್ತೊಂದು ದಿನ ಇತರರ ಕಡೆಯಿಂದ ನೋಡಿದವರು ಗೆಲುವಾಗಿದ್ದರು. ಎಲ್ಲ ಕಡೆಯಿಂದ ನಡೆದು ನೋಡುವುದು. ಅದನ್ನೇ ಅಲ್ಲವೇ ನಾವು ವಿಚಾರ ಎಂದದ್ದು.

ಕನ್ನಡದಲ್ಲಿ ಈ ಪದಗಳು ಹೇಗಿವೆ ನೋಡಿ. ಕಾರಣ ಹೇಳಲು ನಾವು ‘ಏಕೆಂದರೆ’ ಎನ್ನುತ್ತೇವೆ. ಅದು ಏಕೆ, ಎಂದರೆ. ಮೊದಲು ‘ಏಕೆ’ ಎಂದು ನಮ್ಮನ್ನೇ ಕೇಳಿಕೊಂಡು, ಹಾಗೆ ಕೇಳಿದರೆ ಎಂದು ಉತ್ತರಕ್ಕೆ ಹೊರಡುತ್ತೇವೆ. ಒಂದು ಅವ್ಯಯದೊಳಗೆ ಇಬ್ಬರ ಸಂವಾದ ಮಡಿಚಿಕೊಂಡಿದೆ. ಭಾವನೆಯನ್ನು ಹೇಳಲು ‘ಅನ್ನಿಸಿತು’ ಎನ್ನುತ್ತೇವೆ. ಹಳಗನ್ನಡದ ಎನ್, ಅದರ ಪ್ರೇರಣಾರ್ಥಕ ಎನಿಸು, ಅಲ್ಲಿಂದ ಅನಿಸು, ಅನ್ನಿಸು, ಅನಿಸಿಕೆ. ಅನ್ನು ಎಂದರೆ ಹೇಳು. ಅನ್ನಿಸು ಎಂದರೆ ಹೇಳುವಂತೆ ಮಾಡು. ‘ನನಗೆ ಬೇಸರ ಅನ್ನಿಸಿತು’ ಎಂಬ ಮಾತಿನ ಬುಡದಲ್ಲಿ, ಯಾವುದೋ ಒಂದು ನನ್ನೊಳಗಿಂದ ‘ಬೇಸರ’ ಎಂಬ ಮಾತನ್ನು ಹೊರಡಿಸಿತು ಎಂಬ ತಿಳಿವಳಿಕೆ ಇದೆ. ಹೊರಡುವುದೇ ಅದರ ಸ್ವಭಾವ. ಬಾಯಿ ಸಿಗದಿದ್ದರೆ ಅದು ಎಲ್ಲಿಗೆ ಹೋಗಬೇಕು? ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಜನಪದ ಕಥೆಯನ್ನು ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿದ್ದಾರೆ; ಉಸಿರುಕಟ್ಟಿ ಹೊರಬಿದ್ದ ಕಥೆ ಅಲ್ಲಿ ಚಪ್ಪಲಿಯಾಗಿ, ಹಾಡು ಅಂಗಿಯಾಗಿ ಮನೆಯಲ್ಲಿ ಜಗಳ ತರುತ್ತವೆ. ಗಿರೀಶ ಕಾರ್ನಾಡರ ನಾಗಮಂಡಲದ ಚೌಕಟ್ಟಿನಲ್ಲೂ ಇಂಥ ಕಥೆಯೇ ಇದೆ.

ಇನ್ನು ‘ಕೊಳ್ಳು’. ಹೇಳು ಎಂದರೆ ಹೇಳುವುದು, ಹೇಳಿಕೊಳ್ಳು ಎಂದರೆ ತನ್ನ ನೋವನ್ನು ಇನ್ನೊಬ್ಬರ ಮುಂದಿಡುವುದು. ತೋಡು ಎಂದರೆ ಅಗೆಯುವುದು, ತೋಡಿಕೊಳ್ಳು ಎಂದರೆ ಒಳಗಿದ್ದುದನ್ನು ಹೊರಹಾಕುವುದು. ಚಿಂತೆ ಕೊರೆಯುತ್ತದೆ, ಅಲ್ಲಿ ಚಿಂತೆ ಕರ್ತೃ, ನಾವು ಕರ್ಮ. ತೋಡಿಕೊಳ್ಳುವಾಗ ಕರ್ತೃಗಳು ನಾವು. ಹಾಗೆಯೇ ಬರೆ, ಬರೆದುಕೊಳ್ಳು. ವಿಳಾಸ ಬರೆದುಕೊಳ್ಳುತ್ತೇವೆ, ಸಾಲ ಬರೆದುಕೊಳ್ಳುತ್ತೇವೆ, ಮರೆಯಬಾರದೆಂದು ಬರೆದುಕೊಳ್ಳುತ್ತೇವೆ. ಎಲ್ಲ ಕಡೆಯೂ ಬರೆದದ್ದು ಮರಳಿ ಬರೆದವರ ಕೈಗೇ ಬರುತ್ತದೆ. ವೈದ್ಯರು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಒಂದೇ ಪದದ ಕನ್ನಡ ಬೇಕೆಂದರೆ ನಾನು ‘ಬರೆದುಕೊಳ್ಳುವುದು’ ಎನ್ನುತ್ತೇನೆ.

ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪನವರಿಗೆ ಇಂಥ ಯಾವ ಶಾಸ್ತ್ರವೂ ಗೊತ್ತಿರಲಿಲ್ಲ. ಕಾಫಿ ತೋಟದವರ ಅಭ್ಯಾಸದಂತೆ ಬೆಳಿಗ್ಗೆ ಎಂಟಕ್ಕೆ ರೈನ್‌ಗೇಜ್ ನೋಡಿ, ಮಳೆಯನ್ನು ಇಂಚು ಸೆಂಟಿನಲ್ಲಿ ಡೈರಿಗೆ ಏರಿಸುವುದು ಅವರ ನಿತ್ಯಕರ್ಮ. ರೈಟರು ಆಳುಗಳ ಹಾಜರಿ ಬರೆದರೆ ಇವರು ಮಳೆ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಡೈರಿಗಳು ನನ್ನ ಕೈಗೆ ಬಂದವು. ಕಾಗದ ಶೀತ ಕುಡಿದು ಉಬ್ಬಿತ್ತು, ಶಾಯಿ ಅಂಚಿನಲ್ಲಿ ನೇರಳೆಯಾಗಿ ಹರಡಿತ್ತು. ‘ಹೂಮಳೆ 1 ಇಂಚು 10 ಸೆಂಟು.’ ‘ಪೇಟೆಗೆ ಹೋಗಲಿಲ್ಲ, ಕಾರಣ ಜ್ವರ.’ ‘ಪಂಪು ನಿಂತಿತು, ಕಾರಣ ಕರೆಂಟು ಇಲ್ಲ.’ ಏಕೆಂದರೆ ಎಂಬಲ್ಲೆಲ್ಲ ಅವರು ಕಚೇರಿಯ ‘ಕಾರಣ’ವನ್ನೇ ಹಾಕುತ್ತಿದ್ದರು. ಒಂದು ವರ್ಷ, ಜುಲೈ ತಿಂಗಳಲ್ಲಿ, ಪಕ್ಕದ ತೋಟದ ಅವರ ಬಾಲ್ಯದ ಗೆಳೆಯರು ಹೋಗಿಬಿಟ್ಟರು. ಅಂದು ಮಳೆ 4 ಇಂಚು 35 ಸೆಂಟು, ಸಾವಿನ ಸುದ್ದಿ ಅರ್ಧ ಸಾಲು. ಮರುದಿನ: ‘ರಾತ್ರಿ ನಿದ್ರೆ ಇಲ್ಲ, ಕಾರಣ’. ಅಷ್ಟೇ, ಮುಂದೆ ಖಾಲಿ. ಅದರ ಮರುದಿನವೂ ಹಾಗೇ, ಮಳೆಯ ಅಂಕಿ, ‘ನಿದ್ರೆ ಇಲ್ಲ, ಕಾರಣ’, ಆಮೇಲೆ ಬಿಟ್ಟ ಜಾಗ. ನಾನು ಎಣಿಸಿದೆ, ಅಂಥ ಹತ್ತೊಂಬತ್ತು ದಿನಗಳಿವೆ. ಇಪ್ಪತ್ತನೆಯ ದಿನ ಅಕ್ಷರ ಸಣ್ಣದಾಗಿ, ಸಾಲು ಅಂಚು ಮೀರಿ ಏರಿದೆ: ‘ಕಾರಣ ಬೇಲಿ ವಿಷಯಕ್ಕೆ ನಾನು ಮಾತು ಬಿಟ್ಟಿದ್ದು. ಅವನು ಎರಡು ಸಲ ಮನೆ ತನಕ ಬಂದಿದ್ದ. ಅವನಿಗೂ ಬೇಜಾರಾಗಿರಬೇಕು.’

ಅಲ್ಲಿಂದ ಮುಂದೆ ನಿದ್ದೆಯ ಸುದ್ದಿ ಆ ಡೈರಿಯಲ್ಲಿ ಇಲ್ಲ. ಆಗಸ್ಟ್ ಮೊದಲ ವಾರ ಬೇಲಿಯ ಕಂಬಗಳನ್ನು ಒಂದು ಗಜ ಈಚೆಗೆ ಹಾಕಿಸಿದ ಲೆಕ್ಕ ಇದೆ, ಆಳು ಆರು, ಕೂಲಿ ಸಮೇತ.

ತಂಗಿಯ ಮಗಳು ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಂಡಳು. ಎಡಗಡೆ ಪುಟಕ್ಕೆ ನಾಳೆ ಆಗಬೇಕಾದ್ದು, ಬಲಗಡೆ ಪುಟಕ್ಕೆ ಇವತ್ತು ಅನ್ನಿಸಿದ್ದು ಎಂದು ಅವಳೇ ಹಂಚಿಕೊಂಡಳು. ಮೇಲೆ ಹೆಸರು ಬರೆಯುವಾಗ ಫೋನು ಮಾಡಿ, “ಮಾವ, ದಿನಚರಿನೋ ದಿನಚರ್ಯೆನೋ, ಯಾವುದು ಸರಿ?” ಎಂದು ಕೇಳಿದಳು. ಎರಡೂ ಸರಿ ಎಂದೆ. “ಹಾಗಾದ್ರೆ ಒತ್ತು ಇಲ್ಲದ್ದೇ ಇರಲಿ” ಎಂದು ದಿನಚರಿ ಎಂದೇ ಬರೆದುಕೊಂಡಳು.